ಕಾಡ್ಗಿಚ್ಚು 'ಶೇ. 40 ಹತೋಟಿಗೆ ಬಂದಿದೆ' ಅಂದರೆ ಏನರ್ಥ? ಕಾಡಿನ ಬೆಂಕಿ ಕಟ್ಟುವ ಕೆಲಸದ ಲೆಕ್ಕಾಚಾರ

ಫೆಬ್ರುವರಿ, ಮಾರ್ಚ್ ಬಂತೆಂದರೆ ಊರಿನಿಂದ ಬರುವ ಫೋನಿನಲ್ಲಿ ಒಂದು ಮಾತು ಇದ್ದೇ ಇರುತ್ತದೆ. "ಇಲ್ಲಿ ಗುಡ್ಡೆಗೆ ಬೆಂಕಿ ಬಿದ್ದಿದೆ ಮಾರಾಯ್ರೆ, ಮನೆಯೊಳಗೆಲ್ಲ ಹೊಗೆ." ದುಬೈನ ರೂಮಿನಲ್ಲೋ, ಜುಬೈಲ್‌ನ ಸೈಟಿನಲ್ಲೋ ಕೂತು ಇದನ್ನು ಕೇಳಿದವರಿಗೆ ಮಾಡಲು ಏನೂ ಇರುವುದಿಲ್ಲ. ವಾಟ್ಸಾಪ್ ತೆಗೆದರೆ ಉರಿಯುವ ಕಾಡಿನ ವಿಡಿಯೋ ಒಂದರ ಮೇಲೊಂದು ಬರುತ್ತವೆ. ಟಿವಿಯಲ್ಲಿ 'ಬೆಂಕಿ ಹತೋಟಿಗೆ' ಎಂದು ಬರುತ್ತದೆ, ಮರುದಿನ ಅದೇ ಕಾಡು ಮತ್ತೆ ಉರಿಯುತ್ತಿರುತ್ತದೆ. ಹಾಗಾದರೆ ಹತೋಟಿ ಅಂದರೆ ಏನು? ಹೆಲಿಕಾಪ್ಟರ್ ತಂದು ನೀರು ಸುರಿದರೆ ಮುಗಿಯಿತಲ್ಲ, ಯಾಕೆ ಸುರಿಯುವುದಿಲ್ಲ? ಮನೆಯವರು ಬೆಂಕಿ ಆರಿಸಲು ಓಡಬೇಕಾ, ಅಥವಾ ದೂರ ಇರಬೇಕಾ?

ಇವು ಸುಮ್ಮನೆ ಕೇಳುವ ಪ್ರಶ್ನೆಗಳಲ್ಲ. ಕರ್ನಾಟಕದಲ್ಲೇ ಕಾಡಿನ ಬೆಂಕಿ ಆರಿಸಲು ಹೋಗಿ ಜೀವ ಕೊಟ್ಟ ಅರಣ್ಯ ಸಿಬ್ಬಂದಿ ಇದ್ದಾರೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಯುವ ಅರಣ್ಯ ರಕ್ಷಕ ಬೆಂಕಿಯ ನಡುವೆ ಸಿಕ್ಕಿ ತೀರಿಹೋದರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ ಇನ್ನೊಬ್ಬರು. ಆದ್ದರಿಂದ ಈ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಕಾಡಿನ ಪಕ್ಕ ಮನೆ ಇರುವ ಎಲ್ಲರಿಗೂ ಒಳ್ಳೆಯದು.

ಇಂಡಕ್ಷನ್‌ನಲ್ಲಿ ಕಲಿತ ತ್ರಿಕೋನ

ಗಲ್ಫ್‌ನ ಯಾವುದೇ ಕಂಪನಿಗೆ ಸೇರಿದರೂ ಮೊದಲ ವಾರ ಸೇಫ್ಟಿ ಇಂಡಕ್ಷನ್ ಇರುತ್ತದೆ. ಅಲ್ಲಿ ಒಂದು ತ್ರಿಕೋನದ ಚಿತ್ರ ತೋರಿಸುತ್ತಾರೆ. ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಗಾಳಿ, ಶಾಖ. ಮೂರರಲ್ಲಿ ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ಅಡುಗೆ ಎಣ್ಣೆಗೆ ಬೆಂಕಿ ಹಿಡಿದರೆ ಮುಚ್ಚಳ ಹಾಕುತ್ತೇವೆ, ಅಂದರೆ ಗಾಳಿ ತೆಗೆದೆವು. ಮರದ ಪೆಟ್ಟಿಗೆಗೆ ನೀರು ಸುರಿಯುತ್ತೇವೆ, ಅಂದರೆ ಶಾಖ ತೆಗೆದೆವು.

ಕಾಡಿನಲ್ಲೂ ಇದೇ ತ್ರಿಕೋನ. ಆದರೆ ಸಾವಿರಾರು ಎಕರೆ ಕಾಡಿಗೆ ಮುಚ್ಚಳ ಹಾಕಲು ಆಗುವುದಿಲ್ಲ. ಅಷ್ಟು ಜಾಗಕ್ಕೆ ಸುರಿಯುವಷ್ಟು ನೀರು ಬೇಸಿಗೆಯಲ್ಲಿ ಬೆಟ್ಟದ ಮೇಲೆ ಸಿಗುವುದಿಲ್ಲ. ಉಳಿಯುವುದು ಒಂದೇ ದಾರಿ: ಉರಿಯುವ ವಸ್ತುವನ್ನು ಬೆಂಕಿಯ ಮುಂದಿನಿಂದ ತೆಗೆಯುವುದು. ದೊಡ್ಡ ಕಾಡ್ಗಿಚ್ಚಿನ ಎಲ್ಲ ಕೆಲಸವೂ ಹೆಚ್ಚುಕಡಿಮೆ ಈ ಒಂದು ಮಾತಿನ ಮೇಲೆ ನಿಂತಿದೆ. ಉರಿಯುವುದನ್ನು ಆರಿಸುವುದಕ್ಕಿಂತ, ಇನ್ನೂ ಉರಿಯದೆ ಇರುವುದನ್ನು ಬೇರ್ಪಡಿಸುವುದು ಮುಖ್ಯ.

ಬೆಂಕಿಯ ವೇಗ ಯಾರ ಕೈಯಲ್ಲಿದೆ?

ಕಾಡಿನ ಬೆಂಕಿ ಎಷ್ಟು ಜೋರಾಗಿ ಓಡುತ್ತದೆ ಎಂಬುದನ್ನು ಮೂರು ಸಂಗತಿ ತೀರ್ಮಾನಿಸುತ್ತವೆ.

ಮೊದಲನೆಯದು ನೆಲದ ಮೇಲೆ ಏನು ಬಿದ್ದಿದೆ ಎಂಬುದು. ಒಣ ಹುಲ್ಲು ಕಾಗದದಂತೆ ಉರಿದು ಮುಂದೆ ಓಡುತ್ತದೆ. ತರಗೆಲೆ ಸ್ವಲ್ಪ ನಿಧಾನ. ದಪ್ಪ ದಿಮ್ಮಿ, ಒಣ ಬಿದಿರಿನ ಮೆಳೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ.

ಎರಡನೆಯದು ಹವಾಮಾನ. ಬೆಳಗಿನ ಜಾವ ಇಬ್ಬನಿ ಇರುತ್ತದೆ, ಗಾಳಿ ಕಡಿಮೆ, ಬೆಂಕಿ ತಣ್ಣಗೆ ಹರಿದಾಡುತ್ತದೆ. ಮಧ್ಯಾಹ್ನ ಬಿಸಿಲು ಏರಿ, ಗಾಳಿಯ ತೇವ ಇಳಿದಾಗ ಅದೇ ಬೆಂಕಿ ಎದ್ದು ಓಡುತ್ತದೆ. ಅದಕ್ಕೇ ಅನುಭವಸ್ಥರು ರಾತ್ರಿ ಮತ್ತು ಬೆಳಗಿನ ಹೊತ್ತನ್ನು ಕೆಲಸಕ್ಕೆ ಬಳಸಿಕೊಳ್ಳುತ್ತಾರೆ.

ಮೂರನೆಯದು ನೆಲದ ಏರು. ಹೊಸಬರಿಗೆ ಗೊತ್ತಿಲ್ಲದ್ದು, ಹೆಚ್ಚು ಜೀವ ತೆಗೆದದ್ದು ಇದೇ. ಬೆಂಕಿ ಗುಡ್ಡ ಹತ್ತುವಾಗ ಜೋರು, ಇಳಿಯುವಾಗ ನಿಧಾನ. ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರ ಬಾಗುತ್ತದೆ, ಬಿಸಿ ಗಾಳಿ ಮೇಲಕ್ಕೆ ಹೋಗಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿ ಇಡುತ್ತದೆ. ಏರು 10 ಡಿಗ್ರಿ ಹೆಚ್ಚಾದಂತೆ ಬೆಂಕಿಯ ವೇಗ ಸುಮಾರು ಎರಡು ಪಟ್ಟು ಆಗುತ್ತದೆ ಎಂಬುದು ಈ ಕ್ಷೇತ್ರದವರು ಇಟ್ಟುಕೊಂಡ ಅಂದಾಜು ಲೆಕ್ಕ. ಮನುಷ್ಯನ ಲೆಕ್ಕ ತಿರುಗಾಮುರುಗಾ. ಏರು ಹೆಚ್ಚಾದಂತೆ ಓಟ ನಿಧಾನ, ಉಸಿರು ಕಟ್ಟುತ್ತದೆ. ಗುಡ್ಡದ ಮೇಲಕ್ಕೆ ಓಡಿ ಬೆಂಕಿಯನ್ನು ಗೆಲ್ಲಬಹುದು ಎಂಬ ಆಸೆ ಬಹಳ ಸಲ ಸುಳ್ಳಾಗಿದೆ.

2019ರ ಬಂಡೀಪುರ

ಕನ್ನಡಿಗರಿಗೆಲ್ಲ ನೆನಪಿರುವ ದೊಡ್ಡ ಕಾಡ್ಗಿಚ್ಚು 2019ರ ಫೆಬ್ರುವರಿಯದು. ಬಂಡೀಪುರ ಅಂದರೆ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಇದ್ದ ಕಾಡು. ಒಂದು ಕಡೆ ನಾಗರಹೊಳೆ, ಒಂದು ಕಡೆ ತಮಿಳುನಾಡಿನ ಮುದುಮಲೈ, ಇನ್ನೊಂದು ಕಡೆ ಕೇರಳದ ವಯನಾಡು. ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಆ ವರ್ಷ ಫೆಬ್ರುವರಿ 21ರ ಹೊತ್ತಿಗೆ ಹತ್ತಿದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿತು. ಗಾಳಿ ಜೋರಿತ್ತು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರ ನೋಡಿ ಕೊಟ್ಟ ಲೆಕ್ಕ ಸುಮಾರು 4,400 ಹೆಕ್ಟೇರ್, ಅಂದರೆ ಸುಮಾರು 10,900 ಎಕರೆ.

ಅದೇ ವಾರ, ಫೆಬ್ರುವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನದ ಪಾರ್ಕಿಂಗ್ ಜಾಗದಲ್ಲಿ ಸುಮಾರು 300 ಕಾರುಗಳು ಸುಟ್ಟುಹೋದವು. ಅದು ಕಾಡಲ್ಲ, ಬಯಲು. ಆದರೆ ಅಲ್ಲಿಯೂ ನೆಲದಲ್ಲಿ ಒಣ ಹುಲ್ಲು, ಮೇಲೆ ಬೀಸುವ ಗಾಳಿ. ಎರಡು ಕಡೆಯೂ ಒಂದೇ ಪಾಠ: ಒಣ ಹುಲ್ಲಿಗೆ ಗಾಳಿ ಸೇರಿದರೆ ಮನುಷ್ಯನಿಗೆ ಸಿಗುವುದು ಕೆಲವೇ ನಿಮಿಷ.

ಬಂಡೀಪುರದ ಬೆಂಕಿ ಹೆಚ್ಚಾಗಿ ನೆಲದ ಮೇಲೆ ಹರಿಯುವ ಬೆಂಕಿ. ಹುಲ್ಲು, ತರಗೆಲೆ, ಲಂಟಾನ ಪೊದೆ ಉರಿಯುತ್ತವೆ, ದೊಡ್ಡ ಮರ ಹೆಚ್ಚಿನ ಪಾಲು ಉಳಿದುಕೊಳ್ಳುತ್ತದೆ. ಅಮೆರಿಕ, ಕೆನಡಾದ ಪೈನ್ ಜಾತಿಯ ಕಾಡುಗಳಲ್ಲಿ ಬೆಂಕಿ ಮರದ ತುದಿಯಿಂದ ತುದಿಗೆ ಹಾರುತ್ತದೆ. ಟಿವಿಯಲ್ಲಿ ನೋಡುವ ನೂರು ಅಡಿ ಎತ್ತರದ ಜ್ವಾಲೆ ಅಂಥದ್ದು. ಆದರೆ ಲಂಟಾನ ಎತ್ತರಕ್ಕೆ ಬೆಳೆದ ಕಡೆ ಅದೇ ಏಣಿಯಾಗಿ ಬೆಂಕಿಯನ್ನು ಮರದ ಕೊಂಬೆಗೆ ಹತ್ತಿಸುತ್ತದೆ. ಆಗ ನೆಲದ ಬೆಂಕಿಯೂ ಹತ್ತಿರ ಹೋಗಲಾಗದಷ್ಟು ದೊಡ್ಡದಾಗುತ್ತದೆ.

ಬೆಂಕಿ ಕಟ್ಟುವುದು ಹೇಗೆ?

ಜ್ವಾಲೆ ಮನುಷ್ಯನ ಸೊಂಟಕ್ಕಿಂತ ಕೆಳಗಿದ್ದರೆ ನೇರವಾಗಿ ಹತ್ತಿರ ಹೋಗಿ ಆರಿಸುತ್ತಾರೆ. ನಮ್ಮ ಕಾಡುಗಳಲ್ಲಿ ಇಂದಿಗೂ ಮುಖ್ಯ ಆಯುಧ ಹಸಿ ಸೊಪ್ಪಿನ ಕೊಂಬೆ. ಸಾಲಾಗಿ ನಿಂತು ಬೆಂಕಿಯ ಅಂಚನ್ನು ಬಡಿಯುತ್ತ ಹೋಗುತ್ತಾರೆ. ಈಗೀಗ ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇಯರ್, ತರಗೆಲೆ ಊದುವ ಬ್ಲೋವರ್ ಬಂದಿವೆ. ಬ್ಲೋವರ್ ಬೆಂಕಿ ಆರಿಸಲು ಅಲ್ಲ, ಬೆಂಕಿಯ ಮುಂದಿರುವ ತರಗೆಲೆ ಬದಿಗೆ ಸರಿಸಿ ಬರಿಮಣ್ಣಿನ ದಾರಿ ಮಾಡಲು.

ಎಲ್ಲಿಂದ ಶುರು ಮಾಡುತ್ತಾರೆ ಎಂಬುದು ಮುಖ್ಯ. ಬೆಂಕಿಯ ತಲೆಗೆ, ಅಂದರೆ ಗಾಳಿ ತಳ್ಳುತ್ತಿರುವ ಮುಂಭಾಗಕ್ಕೆ, ಎದುರು ಹೋಗಿ ನಿಲ್ಲುವುದಿಲ್ಲ. ಹಿಂದಿನಿಂದ, ಈಗಾಗಲೇ ಸುಟ್ಟ ಜಾಗದಿಂದ ಶುರು ಮಾಡಿ, ಎರಡೂ ಪಕ್ಕಗಳನ್ನು ಆರಿಸುತ್ತ ಮುಂದಕ್ಕೆ ಹೋಗಿ ತಲೆಯನ್ನು ಕಿರಿದು ಮಾಡುತ್ತಾರೆ. ಸುಟ್ಟ ಜಾಗ ಬೆನ್ನಿಗಿದ್ದರೆ ಗಾಳಿ ತಿರುಗಿದರೂ ಹಿಂದೆ ಸರಿಯಲು ಜಾಗ ಇರುತ್ತದೆ.

ಜ್ವಾಲೆ ಎತ್ತರವಾಗಿದ್ದರೆ ಹತ್ತಿರ ಹೋಗಲು ಆಗುವುದಿಲ್ಲ. ಆಗ ದೂರದಲ್ಲೇ ಒಂದು ಗೆರೆ ಹುಡುಕುತ್ತಾರೆ. ರಸ್ತೆ, ಹಳ್ಳ, ಬಂಡೆಯ ಸಾಲು, ಮೊದಲೇ ಮಾಡಿಟ್ಟ ಬೆಂಕಿ ರೇಖೆ, ಯಾವುದಾದರೂ ಸರಿ. ಆ ಗೆರೆಯಿಂದ ಕಾಡ್ಗಿಚ್ಚಿನ ಕಡೆಗೆ ತಾವೇ ಬೆಂಕಿ ಹಚ್ಚುತ್ತಾರೆ. ಇದು ಎದುರು ಬೆಂಕಿ, ಇಲಾಖೆಯವರ ಬಾಯಲ್ಲಿ ಕೌಂಟರ್ ಫೈರ್. ಎರಡು ಬೆಂಕಿ ನಡುವೆ ಸೇರಿದಾಗ ಮುಂದೆ ಉರಿಯಲು ಏನೂ ಉಳಿದಿರುವುದಿಲ್ಲ. ಕೇಳಲು ಸುಲಭ. ಆದರೆ ಗಾಳಿಯ ದಿಕ್ಕು ತಪ್ಪಾಗಿ ಲೆಕ್ಕ ಹಾಕಿದರೆ ಒಂದು ಬೆಂಕಿ ಇದ್ದ ಕಡೆ ಎರಡಾಗುತ್ತವೆ. ಅದಕ್ಕೇ ಇದನ್ನು ಗೊತ್ತಿದ್ದವರೇ ಮಾಡಬೇಕು. ಊರಿನವರು ಅಥವಾ ಸ್ವಯಂಸೇವಕರು ತಾವಾಗಿ ಎದುರು ಬೆಂಕಿ ಹಚ್ಚುವುದು ಅಪಾಯ.

ಹೆಲಿಕಾಪ್ಟರ್ ಬಂದರೆ ಮುಗಿಯಿತಾ?

2019ರ ಫೆಬ್ರುವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂಡೀಪುರಕ್ಕೆ ಬಂದವು. ಕೆಳಗೆ ತೂಗುಹಾಕಿದ ದೊಡ್ಡ ಚೀಲದಂಥ 'ಬಾಂಬಿ ಬಕೆಟ್'ನಲ್ಲಿ ಕೆರೆ ನೀರು ತುಂಬಿಸಿ ಬೆಂಕಿಯ ಮೇಲೆ ಸುರಿದವು. ಆ ದಿನ ಸುರಿದ ನೀರು ಸುಮಾರು 30,000 ಲೀಟರ್ ಎಂದು ವರದಿಯಾಯಿತು.

ಇದನ್ನು ಸ್ವಲ್ಪ ಲೆಕ್ಕ ಮಾಡಿ ನೋಡಬೇಕು. 4,400 ಹೆಕ್ಟೇರ್ ಅಂದರೆ 4 ಕೋಟಿ 40 ಲಕ್ಷ ಚದರ ಮೀಟರ್. 30,000 ಲೀಟರನ್ನು ಅಷ್ಟಕ್ಕೂ ಹಂಚಿದರೆ ಒಂದು ಚದರ ಮೀಟರ್‌ಗೆ ಒಂದು ಮಿಲಿಲೀಟರ್ ಕೂಡ ಬರುವುದಿಲ್ಲ. ಔಷಧದ ಒಂದು ಸಣ್ಣ ಚಮಚದಲ್ಲಿ ಹಿಡಿಯುವುದೇ 5 ಮಿಲಿಲೀಟರ್.

ಹಾಗಾದರೆ ಹೆಲಿಕಾಪ್ಟರ್ ದಂಡವಾ? ಅಲ್ಲ. ಇಡೀ ಕಾಡನ್ನು ನೆನೆಸುವುದು ಅದರ ಕೆಲಸವೇ ಅಲ್ಲ. ಮನುಷ್ಯರು ಹತ್ತಲಾಗದ ಕಡಿದಾದ ಜಾಗದಲ್ಲಿ, ಬೆಂಕಿಯ ತಲೆಯ ಮೇಲೆ ನೀರು ಹಾಕಿ ಜ್ವಾಲೆಯನ್ನು ಒಂದಿಷ್ಟು ಹೊತ್ತು ತಗ್ಗಿಸುವುದು ಅದರ ಕೆಲಸ. ಆ ಹೊತ್ತಿನಲ್ಲಿ ನೆಲದ ಮೇಲಿನವರು ಹೋಗಿ ಗೆರೆ ಕಟ್ಟಬೇಕು. ನೆಲದ ಮೇಲೆ ಜನ ಇಲ್ಲದಿದ್ದರೆ ನೀರು ಆವಿಯಾಗಿ, ಬೆಂಕಿ ಮತ್ತೆ ಎದ್ದು ಬರುತ್ತದೆ. ಅಮೆರಿಕದ ಸುದ್ದಿಯಲ್ಲಿ ವಿಮಾನದಿಂದ ಸುರಿಯುವ ಕೆಂಪು-ಗುಲಾಬಿ ದ್ರಾವಣ ಕಾಣುತ್ತದೆ. ಅದರಲ್ಲಿ ರಸಗೊಬ್ಬರದ ಜಾತಿಯ ಉಪ್ಪುಗಳಿರುತ್ತವೆ. ಅದನ್ನೂ ಹೆಚ್ಚಾಗಿ ಬೆಂಕಿಯ ಮುಂದೆ, ಇನ್ನೂ ಉರಿಯದ ಗಿಡಗಳ ಮೇಲೆ ಹಾಕುತ್ತಾರೆ. ಅಂದರೆ ಅಲ್ಲಿಯೂ ಮಾಡುವುದು ಗೆರೆ ಎಳೆಯುವ ಕೆಲಸವೇ.

ಗಾಳಿ ವಿಪರೀತವಾದರೆ ವಿಮಾನ, ಹೆಲಿಕಾಪ್ಟರ್ ಹಾರುವುದೂ ಇಲ್ಲ. 2025ರ ಜನವರಿ 7ರಂದು ಲಾಸ್ ಏಂಜಲೀಸ್‌ನಲ್ಲಿ ಬೆಂಕಿ ಊರಿನೊಳಗೆ ನುಗ್ಗಿದ ರಾತ್ರಿ ಬಿರುಗಾಳಿಯಿಂದಾಗಿ ವಿಮಾನಗಳನ್ನು ಇಳಿಸಬೇಕಾಯಿತು. ಜಗತ್ತಿನ ಶ್ರೀಮಂತ ಊರಿನ ಸ್ಥಿತಿಯೇ ಅದು.

ಶೇಕಡಾ ಲೆಕ್ಕ: ಎಲ್ಲರೂ ತಪ್ಪು ತಿಳಿಯುವುದು ಇಲ್ಲಿ

ಈಗ ಶೀರ್ಷಿಕೆಯ ಪ್ರಶ್ನೆ. 'ಬೆಂಕಿ ಶೇ. 40 ಹತೋಟಿಗೆ' ಎಂದು ಓದಿದರೆ ನೂರು ಎಕರೆಯಲ್ಲಿ ನಲವತ್ತು ಎಕರೆ ಆರಿತು, ಅರವತ್ತು ಉಳಿಯಿತು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಅದು ತಪ್ಪು. ಆ ಶೇಕಡಾ ಬೆಂಕಿಯ ವಿಸ್ತೀರ್ಣದ ಲೆಕ್ಕವಲ್ಲ, ಸುತ್ತಳತೆಯ ಲೆಕ್ಕ. ಬೆಂಕಿಯ ಸುತ್ತ ಇರುವ ಅಂಚಿನಲ್ಲಿ ನೂರಕ್ಕೆ ನಲವತ್ತು ಭಾಗದಲ್ಲಿ 'ಇದನ್ನು ದಾಟಿ ಬೆಂಕಿ ಹೋಗದು' ಎಂದು ನಂಬಬಹುದಾದ ಗೆರೆ ಸಿದ್ಧವಾಗಿದೆ ಎಂದರ್ಥ. ಒಳಗೆ ಎಷ್ಟು ಉರಿಯುತ್ತಿದೆ ಎಂದು ಅದು ಹೇಳುವುದೇ ಇಲ್ಲ.

ಒಂದು ಉದಾಹರಣೆ. ನಿನ್ನೆ ಬೆಂಕಿಯ ಸುತ್ತಳತೆ 10 ಕಿಲೋಮೀಟರ್. ಅದರಲ್ಲಿ 4 ಕಿಲೋಮೀಟರ್ ಗೆರೆ ಕಟ್ಟಿದರು. ಹತೋಟಿ ಶೇ. 40. ರಾತ್ರಿ ಗಾಳಿ ಬೀಸಿ ಬೆಂಕಿ ಹಬ್ಬಿ ಸುತ್ತಳತೆ 20 ಕಿಲೋಮೀಟರ್ ಆಯಿತು. ರಾತ್ರಿಯಿಡೀ ಕಷ್ಟಪಟ್ಟು ಇನ್ನೊಂದು ಕಿಲೋಮೀಟರ್ ಗೆರೆ ಕಟ್ಟಿ ಒಟ್ಟು 5 ಕಿಲೋಮೀಟರ್ ಮಾಡಿದರು. ಇವತ್ತಿನ ಲೆಕ್ಕ ಶೇ. 25. ಕೆಲಸ ಹೆಚ್ಚಾಗಿದೆ, ಅಂಕಿ ಇಳಿದಿದೆ. ಓದಿದವರು 'ಏನೂ ಮಾಡುತ್ತಿಲ್ಲ' ಎಂದು ಬೈಯುತ್ತಾರೆ.

ಬಂಡೀಪುರದ 4,400 ಹೆಕ್ಟೇರನ್ನು ಅಚ್ಚುಕಟ್ಟಾದ ಒಂದೇ ವೃತ್ತ ಎಂದುಕೊಂಡರೂ ಅದರ ಸುತ್ತಳತೆ ಸುಮಾರು 23 ಕಿಲೋಮೀಟರ್. ನಿಜವಾದ ಬೆಂಕಿ ವೃತ್ತವಾಗಿರುವುದಿಲ್ಲ. ಅದು ಹಲವು ಕಡೆ ಚೂರು ಚೂರಾಗಿ, ಬೆರಳು ಚಾಚಿದಂತೆ ಇರುತ್ತದೆ. ಆಗ ಅಂಚಿನ ಉದ್ದ ಅದರ ಎಷ್ಟೋ ಪಟ್ಟು. ಕಲ್ಲು, ಮುಳ್ಳು, ಹಳ್ಳ, ಆನೆ ಇರುವ ಕಾಡಿನಲ್ಲಿ ಅಷ್ಟು ಉದ್ದಕ್ಕೆ ಸೊಪ್ಪು ಹಿಡಿದು ನಡೆಯಬೇಕು ಎಂದರೆ ಎಷ್ಟು ಜನ ಬೇಕು ಎಂದು ಅಂದಾಜು ಮಾಡಬಹುದು.

ಶೇ. 100 ಹತೋಟಿ ಅಂದರೂ ಬೆಂಕಿ ಆರಿತು ಎಂದಲ್ಲ. ಸುತ್ತ ಗೆರೆ ಪೂರ್ತಿಯಾಯಿತು ಎಂದಷ್ಟೇ. ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಬೆಂಕಿಯಲ್ಲಿ ಮನೆಗಳು ಹೆಚ್ಚಿನ ಪಾಲು ಸುಟ್ಟದ್ದು ಮೊದಲ ದಿನಗಳಲ್ಲೇ, ಹತೋಟಿಯ ಅಂಕಿ ಸೊನ್ನೆ ಇದ್ದಾಗ. ಶೇ. 100 ಎಂದು ಘೋಷಿಸಿದ್ದು ಜನವರಿ 31ರಂದು. ಅಂದರೆ ಈ ಅಂಕಿ ಏರುವ ಹೊತ್ತಿಗೆ ನಷ್ಟ ಆಗಿಹೋಗಿರುತ್ತದೆ. ಊರಿಗೆ ಅಪಾಯ ಇದೆಯಾ ಎಂದು ತಿಳಿಯಲು ಶೇಕಡಾ ನೋಡಬಾರದು. ಗಾಳಿ ಯಾವ ಕಡೆ, ಊರಿನ ಕಡೆಯ ಅಂಚಿನಲ್ಲಿ ಗೆರೆ ಆಗಿದೆಯಾ, ಇದನ್ನು ಕೇಳಬೇಕು.

ಆರಿದ ಮೇಲಿನ ಕೆಲಸ

ಜ್ವಾಲೆ ಕಾಣದಾದ ಮೇಲೆ ಟಿವಿ ಕ್ಯಾಮೆರಾ ಹೊರಟುಹೋಗುತ್ತದೆ. ಬೇಸರದ ಕೆಲಸ ಆಗ ಶುರು. ಒಣ ಬೊಡ್ಡೆ, ಬೇರು, ಬಿದಿರ ಮೆಳೆ, ಒಣಗಿದ ಆನೆ ಲದ್ದಿ ಇವೆಲ್ಲ ಒಳಗೊಳಗೇ ಹೊಗೆಯಾಡುತ್ತಿರುತ್ತವೆ. ಮರುದಿನ ಮಧ್ಯಾಹ್ನ ಗಾಳಿ ಎದ್ದಾಗ ಒಂದು ಕಿಡಿ ಗೆರೆ ದಾಟಿದರೆ ಎಲ್ಲ ಮೊದಲಿನಿಂದ. ಅದಕ್ಕೇ ಗೆರೆಯ ಉದ್ದಕ್ಕೂ ನಡೆದು, ಹೊಗೆ ಕಂಡಲ್ಲೆಲ್ಲ ಅಗೆದು, ಮಣ್ಣು ಕಲಸಿ, ನೀರು ಹಾಕಿ, ಕೈಯ ಹಿಂಭಾಗ ಹತ್ತಿರ ಹಿಡಿದು ಬಿಸಿ ನೋಡುತ್ತಾರೆ. 'ನಿನ್ನೆ ಆರಿತು ಅಂದರು, ಇವತ್ತು ಮತ್ತೆ ಹತ್ತಿದೆ' ಎಂದು ಊರಿನಿಂದ ಫೋನ್ ಬಂದರೆ ಯಾರೋ ಮತ್ತೆ ಹಚ್ಚಿರಲೂಬಹುದು, ಈ ಕೆಲಸ ಅರ್ಧಕ್ಕೆ ನಿಂತಿರಲೂಬಹುದು.

ಜೀವ ಉಳಿಸುವ ನಾಲ್ಕು ಮಾತು

2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದ ತಂಡ ಕಾಡ್ಗಿಚ್ಚಿಗೆ ಸಿಕ್ಕಿತು. ಒಣ ಹುಲ್ಲಿನ ಕಡಿದಾದ ಬೆಟ್ಟ. 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಲವರು ಸುಟ್ಟಗಾಯದಿಂದ ಆಸ್ಪತ್ರೆಯಲ್ಲಿ ದಿನಗಳ ನಂತರ ತೀರಿಕೊಂಡರು.

ಇದಕ್ಕೆ ಬಹಳ ಹಿಂದೆ, 1949ರ ಆಗಸ್ಟ್ 5ರಂದು, ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬಲ್ಲಿ ತರಬೇತಿ ಪಡೆದ ಬೆಂಕಿ ಸಿಬ್ಬಂದಿಯೇ ಹೀಗೆ ಸಿಕ್ಕಿದ್ದರು. ಹುಲ್ಲಿನ ಏರಿನಲ್ಲಿ ಬೆಂಕಿ ಹಿಂದಿನಿಂದ ಅಟ್ಟಿಸಿಕೊಂಡು ಬಂತು. ಎಲ್ಲರೂ ಮೇಲಕ್ಕೆ ಓಡಿದರು. ತಂಡದ ಮುಖ್ಯಸ್ಥ ವ್ಯಾಗ್ನರ್ ಡಾಡ್ಜ್ ಮಾತ್ರ ನಿಂತು, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೇ ಬೆಂಕಿ ಹಚ್ಚಿ, ಅದು ಸುಟ್ಟು ಮುಂದೆ ಹೋದ ಕರಿ ನೆಲದ ಮೇಲೆ ಬೋರಲು ಮಲಗಿದ. ದೊಡ್ಡ ಬೆಂಕಿ ಅವನನ್ನು ಬಳಸಿ ಹೋಯಿತು, ಅವನು ಬದುಕಿದ. ಬನ್ನಿ ಎಂದು ಕರೆದರೂ ಉಳಿದವರಿಗೆ ಅದು ಅರ್ಥವಾಗಿರಲಿಲ್ಲ. 13 ಜನ ಸತ್ತರು.

ಇಂಥ ಸಾವುಗಳಿಂದ ಕಲಿತ ನಿಯಮಗಳನ್ನು ಇವತ್ತು ಬೆಂಕಿ ಸಿಬ್ಬಂದಿಗೆ ನಾಲ್ಕು ಮಾತಿನಲ್ಲಿ ಹೇಳಿಕೊಡುತ್ತಾರೆ. ಒಂದು, ಬೆಂಕಿಯನ್ನು ನೋಡುತ್ತಲೇ ಇರಲು ಒಬ್ಬ ಕಾವಲು. ಎರಡು, ಎಲ್ಲರ ನಡುವೆ ಮಾತಿನ ಸಂಪರ್ಕ. ಮೂರು, ತಪ್ಪಿಸಿಕೊಳ್ಳಲು ಮೊದಲೇ ನೋಡಿಟ್ಟ ದಾರಿ, ಸಾಧ್ಯವಾದರೆ ಎರಡು. ನಾಲ್ಕು, ಹೋಗಿ ನಿಲ್ಲಲು ಉರಿಯದ ಜಾಗ. ಗಲ್ಫ್‌ನ ಸೈಟಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಫೈರ್ ವಾಚ್, ವಾಕಿಟಾಕಿ, ಎಮರ್ಜೆನ್ಸಿ ಎಕ್ಸಿಟ್, ಅಸೆಂಬ್ಲಿ ಪಾಯಿಂಟ್, ಎಲ್ಲ ಅದೇ. ವ್ಯತ್ಯಾಸ ಒಂದೇ: ಕಾಡಿನಲ್ಲಿ ಹಸಿರು ಬೋರ್ಡ್ ಇರುವುದಿಲ್ಲ. ಒಳಗೆ ಕಾಲಿಡುವ ಮುಂಚೆ ನೀವೇ ನೋಡಿಟ್ಟುಕೊಳ್ಳಬೇಕು.

2019ರಲ್ಲಿ ಬಂಡೀಪುರಕ್ಕೆ ಮೈಸೂರು, ಬೆಂಗಳೂರಿನಿಂದ ನೂರಾರು ಸ್ವಯಂಸೇವಕರು ಬಂದರು. ಅವರ ಮನಸ್ಸು ದೊಡ್ಡದು. ಆದರೆ ಈ ನಾಲ್ಕು ಗೊತ್ತಿಲ್ಲದವರನ್ನು ಬೆಂಕಿಯ ಅಂಚಿಗೆ ಕಳಿಸುವಂತಿಲ್ಲ. ಅವರಿಗೂ ಕೆಲಸ ಇದೆ. ನೀರು, ಊಟ ಸಾಗಿಸುವುದು, ರಸ್ತೆ ಬದಿ ಕಾಯುವುದು, ಆರಿದ ಜಾಗದಲ್ಲಿ ಹೊಗೆ ಹುಡುಕುವುದು.

ಗಲ್ಫ್‌ನಲ್ಲಿ ಕೂತೇ ನೋಡಬಹುದು

ಇಂದು ಕಾಡಿನ ಬೆಂಕಿಯನ್ನು ಮೊದಲು ನೋಡುವುದು ಎಷ್ಟೋ ಸಲ ಉಪಗ್ರಹ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಮಾಹಿತಿ ಹಿಡಿದು ರಾಜ್ಯಗಳಿಗೆ ಎಚ್ಚರಿಕೆ ಕಳಿಸುತ್ತಿದೆ. ಮೊದಲಿನ ಉಪಕರಣಕ್ಕೆ ಒಂದು ಚುಕ್ಕೆ ಅಂದರೆ ಸುಮಾರು 1 ಕಿಲೋಮೀಟರ್ ಅಗಲದ ಜಾಗ, ನಂತರ ಬಂದದ್ದಕ್ಕೆ 375 ಮೀಟರ್. ಎಚ್ಚರಿಕೆ ಎಸ್ಸೆಮ್ಮೆಸ್ ಆಗಿ ಸಿಬ್ಬಂದಿಯ ಮೊಬೈಲಿಗೆ ಹೋಗುತ್ತದೆ. ನಾಸಾದ 'ಫರ್ಮ್ಸ್' ಎಂಬ ನಕಾಶೆಯನ್ನು ಯಾರು ಬೇಕಾದರೂ ಪುಕ್ಕಟೆ ತೆರೆದು ತಮ್ಮ ಊರಿನ ಮೇಲೆ ಬೆಂಕಿ ಚುಕ್ಕೆ ಇದೆಯಾ ಎಂದು ನೋಡಬಹುದು.

ಆದರೆ ಮಿತಿಯೂ ಇದೆ. ಈ ಉಪಗ್ರಹಗಳು ದಿನಕ್ಕೆ ಕೆಲವೇ ಸಲ ಮೇಲೆ ಹಾದುಹೋಗುತ್ತವೆ. ಮಧ್ಯೆ ಹತ್ತಿ ಆರಿದ ಸಣ್ಣ ಬೆಂಕಿ ಕಾಣದೇ ಹೋಗಬಹುದು. ಗದ್ದೆಯಲ್ಲಿ ಸುಟ್ಟ ಹುಲ್ಲು, ಕಾರ್ಖಾನೆಯ ಚಿಮಣಿ ಕೂಡ ಚುಕ್ಕೆಯಾಗಿ ಕಾಣಬಹುದು. ಚುಕ್ಕೆ ಕಂಡ ಕೂಡಲೇ ಹೆದರುವುದು ಬೇಡ, ಮನೆಗೆ ಫೋನ್ ಮಾಡಿ ಕೇಳಿದರೆ ಸಾಕು.

ವಾಟ್ಸಾಪ್ ಚಿತ್ರಗಳಿಗಿಂತ ಈ ನಕಾಶೆ ನೂರು ಪಾಲು ವಾಸಿ. 2019ರಲ್ಲಿ ಬೇರೆಲ್ಲಿಯದೋ ಸುಟ್ಟ ಪ್ರಾಣಿಗಳ ಚಿತ್ರ ಬಂಡೀಪುರದ್ದು ಎಂದು ಓಡಾಡಿದವು. ದೂರದಲ್ಲಿ ಇರುವವರೇ ಅಂಥದ್ದನ್ನು ಹೆಚ್ಚು ಫಾರ್ವರ್ಡ್ ಮಾಡುತ್ತಾರೆ. ಕಳಕಳಿಯಿಂದ ಮಾಡಿದರೂ ಅದರಿಂದ ಆಗುವುದು ಗಾಬರಿ ಮಾತ್ರ.

ಬೆಂಕಿ ಬೀಳುವ ಮುಂಚೆ

ನಿಜವಾದ ಹತೋಟಿ ಬೇಸಿಗೆಗೆ ಮುಂಚೆಯೇ ಆಗಬೇಕು. ಪ್ರತಿ ವರ್ಷ ಬೇಸಿಗೆ ಬಲಿಯುವ ಮುಂಚೆ ಇಲಾಖೆ ಬೆಂಕಿ ರೇಖೆಗಳನ್ನು ಸವರಿ, ಹುಲ್ಲು ಕತ್ತರಿಸಿ, ಎಚ್ಚರದಿಂದ ಸುಟ್ಟು ಸಿದ್ಧ ಮಾಡುತ್ತದೆ. ಬೇಸಿಗೆಗೆಂದೇ ಬೆಂಕಿ ವಾಚರ್‌ಗಳನ್ನು ದಿನಗೂಲಿಯಲ್ಲಿ ಸೇರಿಸಿಕೊಳ್ಳುತ್ತದೆ. ಇವರಲ್ಲಿ ಬಹಳಷ್ಟು ಜನ ಜೇನು ಕುರುಬ, ಕಾಡು ಕುರುಬ, ಸೋಲಿಗ ಸಮುದಾಯದವರು. ಕಾಡಿನ ಗಾಳಿ, ದಾರಿ ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಬೇಸಿಗೆ ಮುಗಿದರೆ ಅವರ ಕೆಲಸವೂ ಮುಗಿಯುತ್ತದೆ. ಕಾಂಟ್ರಾಕ್ಟ್ ಮುಗಿದ ದಿನದ ಚಿಂತೆ ಏನೆಂದು ಗಲ್ಫ್‌ನಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಹಳೆಯ ಚರ್ಚೆಯೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ಬೇಸಿಗೆಯ ಆರಂಭದಲ್ಲೇ ನೆಲದ ತರಗನ್ನು ಸಣ್ಣ ಬೆಂಕಿಯಲ್ಲಿ ಸುಡುತ್ತಿದ್ದರು. ಅದಕ್ಕೆ 'ತರಗು ಬೆಂಕಿ' ಎನ್ನುತ್ತಾರೆ. ಆಗ ನೆಲದಲ್ಲಿ ಇನ್ನೂ ತೇವ ಇರುವುದರಿಂದ ಬೆಂಕಿ ಮೊಣಕಾಲು ದಾಟುವುದಿಲ್ಲ. ವನ್ಯಜೀವಿ ಕಾನೂನು ಬಂದ ಮೇಲೆ ಅದು ನಿಂತಿತು. ಸುಡುವುದು ನಿಂತ ಮೇಲೆಯೇ ಲಂಟಾನ ಹಬ್ಬಿತು, ತರಗು ಗುಡ್ಡೆ ಬಿತ್ತು, ಈಗ ಬಿದ್ದರೆ ದೊಡ್ಡ ಬೆಂಕಿಯೇ ಬೀಳುತ್ತದೆ ಎಂಬುದು ಸೋಲಿಗರ ಮಾತು. ಕೆಲವು ಸಂಶೋಧಕರೂ ಇದನ್ನು ಒಪ್ಪುತ್ತಾರೆ. ಎಲ್ಲ ಕಡೆ ಸುಟ್ಟರೆ ಸಸಿಗಳು, ನೆಲದ ಜೀವಿಗಳು ಸಾಯುತ್ತವೆ ಎಂಬ ಎದುರು ಮಾತೂ ಸುಳ್ಳಲ್ಲ. ಒಂದಂತೂ ಖಚಿತ: ಉರಿಯುವ ವಸ್ತು ನೆಲದಲ್ಲಿ ವರ್ಷದಿಂದ ವರ್ಷಕ್ಕೆ ಸಾಲದ ಬಡ್ಡಿಯಂತೆ ಬೆಳೆಯುತ್ತ ಹೋದರೆ ಒಂದು ದಿನ ಅದನ್ನು ಕಟ್ಟಲೇಬೇಕಾಗುತ್ತದೆ.

ಮನೆಯವರಿಗೆ ಹೇಳಬೇಕಾದ್ದು

ನಮ್ಮ ಕಡೆಯ ಕಾಡಿನ ಬೆಂಕಿ ಬಹುಪಾಲು ಮನುಷ್ಯರಿಂದಲೇ ಬೀಳುವುದು. ಹೊಸ ಹುಲ್ಲು ಬರಲಿ ಎಂದು ಹಚ್ಚುವವರು, ಜೇನು ತೆಗೆಯುವವರು, ಬೀಡಿ ಎಸೆಯುವವರು, ತೋಟದ ತರಗೆಲೆಗೆ ಬೆಂಕಿ ಕೊಟ್ಟು ಊಟಕ್ಕೆ ಹೋಗುವವರು. 2019ರ ಬಂಡೀಪುರದ ಬೆಂಕಿಯೂ ಹಚ್ಚಿದ್ದೇ ಎಂದು ಇಲಾಖೆ ಹೇಳಿತು, ಬಂಧನವೂ ಆಯಿತು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ತೋಟ ಸ್ವಂತದ್ದಾದರೂ ಬೆಂಕಿ ಕಾಡಿಗೆ ದಾಟಿದರೆ ಕೇಸು ತಪ್ಪುವುದಿಲ್ಲ. ಗಂಡ ಗಲ್ಫ್‌ನಲ್ಲಿ, ಮನೆಯಲ್ಲಿ ಹೆಂಡತಿ, ವಯಸ್ಸಾದ ತಂದೆ-ತಾಯಿ ಇರುವಾಗ ಅಂಥ ಕೇಸಿನ ಓಡಾಟ ಏನೆಂದು ಯೋಚಿಸಬೇಕು.

ಹಾಗಾಗಿ ಈ ವಾರದ ಫೋನಿನಲ್ಲಿ ಕೆಲವು ಮಾತು ಸೇರಿಸಿ. ಮನೆಯ ಸುತ್ತ, ಸೌದೆ ಕೊಟ್ಟಿಗೆಯ ಸುತ್ತ, ಹುಲ್ಲಿನ ಮೆದೆಯ ಸುತ್ತ ಒಣ ಹುಲ್ಲು, ತರಗೆಲೆ ಗುಡಿಸಿ ಬರಿಮಣ್ಣು ಮಾಡಿಸಿ. ಗ್ಯಾಸ್ ಸಿಲಿಂಡರ್ ಗುಡ್ಡದ ಕಡೆಯ ಗೋಡೆಗೆ ಒರಗಿಸಿ ಇಡಬೇಡಿ. ಮಾಡಿನ ಮೇಲೆ, ದಂಬೆಯಲ್ಲಿ ಬಿದ್ದ ಎಲೆ ತೆಗೆಸಿ. ಗಾಳಿಯಲ್ಲಿ ಹಾರಿ ಬರುವ ಕಿಡಿ ಮೊದಲು ಹಿಡಿಯುವುದು ಅಲ್ಲೇ. ತರಗೆಲೆ ಸುಡಲೇಬೇಕೆಂದರೆ ಬೆಳಿಗ್ಗೆ, ಗಾಳಿ ಇಲ್ಲದಾಗ, ಪಕ್ಕದಲ್ಲಿ ನೀರಿಟ್ಟುಕೊಂಡು, ಬೂದಿ ತಣ್ಣಗಾಗುವವರೆಗೆ ನಿಂತು ಸುಡಲಿ. ಸುಡದೆ ಅಡಿಕೆ, ತೆಂಗಿನ ಬುಡಕ್ಕೆ ಹಾಕಿದರೆ ಇನ್ನೂ ಒಳ್ಳೆಯದು, ಗೊಬ್ಬರವಾಗುತ್ತದೆ.

ಹತ್ತಿರದ ವಲಯ ಅರಣ್ಯ ಕಚೇರಿಯ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿಸಿ. ಅದು ಸಿಗದಿದ್ದರೆ 112. ಹೊಗೆ ಕಂಡ ಕೂಡಲೇ, ದೊಡ್ಡದಾಗುವ ಮುಂಚೆ ಹೇಳಬೇಕು. ಎಲ್ಲಿ, ಯಾವ ಗುಡ್ಡ, ಹತ್ತಿರದ ರಸ್ತೆ ಯಾವುದು, ಗಾಳಿ ಯಾವ ಕಡೆ, ಇಷ್ಟು ಹೇಳಿದರೆ ಸಾಕು. ಬೆಂಕಿ ಗುಡ್ಡದ ಕೆಳಗಿದ್ದು ಮನೆ ಮೇಲಿದ್ದರೆ ಕಾಯಬಾರದು. ದನಗಳ ಹಗ್ಗ ಬಿಚ್ಚಿ, ಮಕ್ಕಳನ್ನು, ಅಜ್ಜ-ಅಜ್ಜಿಯನ್ನು ಕರೆದುಕೊಂಡು ಬದಿಗೆ, ತಗ್ಗಿನ ರಸ್ತೆಗೋ ಗದ್ದೆ ಬಯಲಿಗೋ ಹೋಗಬೇಕು, ಮೇಲಕ್ಕೆ ಓಡಬಾರದು. ಪಾಸ್‌ಬುಕ್, ಆಧಾರ್, ಜಾಗದ ಪತ್ರ ಒಂದು ಚೀಲದಲ್ಲಿ ಬಾಗಿಲ ಹತ್ತಿರ ಇದ್ದರೆ ಹುಡುಕುವ ಹೊತ್ತು ಉಳಿಯುತ್ತದೆ.

ಒಂದು ಬೆಂಕಿ ಸಣ್ಣದಿದ್ದಾಗ ಇಬ್ಬರು ಸೊಪ್ಪು ಹಿಡಿದು ಹತ್ತು ನಿಮಿಷದಲ್ಲಿ ಆರಿಸಬಹುದು. ಅದೇ ಬೆಂಕಿ ಎರಡು ತಾಸು ಕಳೆದರೆ ಇನ್ನೂರು ಜನಕ್ಕೂ ಮಣಿಯದೇ ಇರಬಹುದು. ಮೊದಲ ಫೋನ್ ಎಷ್ಟು ಬೇಗ ಹೋಗುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಆ ನಂಬರು ಮನೆಯಲ್ಲಿ ಇದೆಯಾ ಎಂದು ಇವತ್ತೇ ಕೇಳಿ.